ಆಕಾರ ಹೋಲಿಕೆ: ಗೋಡಂಬಿ, ಹೆಂಚು, ಬಂಗುಡೆಗೆ ಯಾವ ವಿಧಾನ ಒಗ್ಗುತ್ತದೆ?

ಡಬ್ಲ್ಯೂ 240 ಮತ್ತು ಡಬ್ಲ್ಯೂ 320 ಗ್ರೇಡಿನ ಗೋಡಂಬಿಗಳ ಚಿತ್ರ ತೆಗೆದು, ಎರಡರದ್ದೂ ಹು ಮೊಮೆಂಟ್ (ಆಕಾರವನ್ನು ಏಳು ಸಂಖ್ಯೆಗಳಲ್ಲಿ ಹಿಡಿಯುವ ಅಳತೆ) ಲೆಕ್ಕ ಹಾಕಿದರೆ "ಎರಡೂ ಒಂದೇ" ಎಂಬ ಉತ್ತರ ಬರುತ್ತದೆ. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಪ್ರಯೋಜನವಿಲ್ಲ. ಗಾತ್ರ ಬದಲಾದರೂ ಬದಲಾಗದ ಅಳತೆ ಬೇಕೆಂದೇ ಆ ಮೊಮೆಂಟುಗಳನ್ನು ಕಟ್ಟಿದ್ದು. ಈ ಎರಡು ಗ್ರೇಡಿನ ನಡುವೆ ಇರುವುದೋ ಬರೀ ಗಾತ್ರದ ವ್ಯತ್ಯಾಸ. ಮಂಗಳೂರು, ಕಾರ್ಕಳ ಕಡೆಯ ಗೇರುಬೀಜ ಕಾರ್ಖಾನೆಗೆ ಗ್ರೇಡಿಂಗ್ ಯಂತ್ರ ಮಾಡಲು ಹೊರಟ ಇಂಜಿನಿಯರಿಂಗ್ ಪ್ರಾಜೆಕ್ಟುಗಳಿಗೆ ಇದು ಮೊದಲ ಗುಂಡಿ.

ಎರಡು ಆಯಾಮದ ಆಕಾರಗಳನ್ನು ಹೋಲಿಸುವ ವಿಧಾನಗಳು ಹತ್ತಾರು ಇವೆ. ಪ್ರತಿಯೊಂದೂ ಏನನ್ನೋ ಲೆಕ್ಕಿಸದೆ ಬಿಡುತ್ತದೆ: ಒಂದು ತಿರುಗುವಿಕೆಯನ್ನು, ಒಂದು ಗಾತ್ರವನ್ನು, ಇನ್ನೊಂದು ಬಾಗುವಿಕೆಯನ್ನು. ಆದ್ದರಿಂದ ವಿಧಾನದ ಹೆಸರು ಆರಿಸುವ ಮುಂಚೆ ನಿಮ್ಮ ವಸ್ತುವಿನಲ್ಲಿ ಯಾವ ವ್ಯತ್ಯಾಸ ಬೇಡ, ಯಾವುದು ಬೇಕೇ ಬೇಕು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಕ್ಕಾಲು ಪಾಲು ಆಯ್ಕೆ ಅಲ್ಲೇ ಮುಗಿಯುತ್ತದೆ.

ಗೋಡಂಬಿ: ಗಣಿತಕ್ಕಿಂತ ಮೊದಲು ಅಳತೆ

ಗ್ರೇಡಿನ ಸಂಖ್ಯೆ ಅಂದರೆ ಒಂದು ಪೌಂಡಿಗೆ ಎಷ್ಟು ತಿರುಳು ಎಂಬ ಲೆಕ್ಕ. ಒಂದು ಪೌಂಡು 453.6 ಗ್ರಾಂ. ಪೌಂಡಿಗೆ 240 ಅಂದರೆ ತಿರುಳೊಂದಕ್ಕೆ ಸುಮಾರು 1.89 ಗ್ರಾಂ, 320 ಅಂದರೆ 1.42 ಗ್ರಾಂ. ತೂಕದಲ್ಲಿ ಮೂರನೇ ಒಂದು ಪಾಲು ಹೆಚ್ಚು, ಕೇಳಲು ದೊಡ್ಡ ಅಂತರವೇ. ಆದರೆ ಕ್ಯಾಮರಾಕ್ಕೆ ತೂಕ ಕಾಣುವುದಿಲ್ಲ. ಆಕಾರ ಒಂದೇ ಇದ್ದು ತೂಕ 1.33 ಪಟ್ಟು ಆದರೆ ಉದ್ದ ಅದರ ಘನಮೂಲದಷ್ಟು, ಅಂದರೆ 1.10 ಪಟ್ಟು ಮಾತ್ರ. ಮೇಲಿನಿಂದ ಕಾಣುವ ವಿಸ್ತೀರ್ಣ 1.21 ಪಟ್ಟು. ಡಬ್ಲ್ಯೂ 210 ಮತ್ತು 240ರ ನಡುವೆ ಉದ್ದದ ಅಂತರ ಶೇ. 4.5ರಷ್ಟೇ, ವಿಸ್ತೀರ್ಣದ್ದು ಶೇ. 9. ಹಾಗಾಗಿ ಉದ್ದ ಅಳೆಯುವುದಕ್ಕಿಂತ ವಿಸ್ತೀರ್ಣ ಅಳೆಯುವುದು ಮೇಲು. ಒಂದು ಪಿಕ್ಸೆಲ್ ಅಂಚು ಆಚೀಚೆ ಆದರೂ ಸಾವಿರಾರು ಪಿಕ್ಸೆಲ್‌ಗಳ ಸರಾಸರಿಯಲ್ಲಿ ಅದು ಹಂಚಿಹೋಗುತ್ತದೆ.

ಪಿಕ್ಸೆಲನ್ನು ಮಿಲಿಮೀಟರಿಗೆ ತರಲು ಹತ್ತು ರೂಪಾಯಿ ನಾಣ್ಯ ಸಾಕು. ಅದರ ವ್ಯಾಸ 27 ಮಿ.ಮೀ. ಚಿತ್ರದಲ್ಲಿ ಅದು 135 ಪಿಕ್ಸೆಲ್ ಅಗಲ ಬಂದರೆ ಮಿಲಿಮೀಟರಿಗೆ 5 ಪಿಕ್ಸೆಲ್. ಇಲ್ಲೊಂದು ಎಡವಟ್ಟು ಕಾದಿರುತ್ತದೆ. ನಾಣ್ಯ ಬೆಲ್ಟಿಗೆ ಅಂಟಿಕೊಂಡಂತೆ ಮಲಗಿರುತ್ತದೆ, ತಿರುಳಿನ ಅಗಲವಾದ ಭಾಗ ಬೆಲ್ಟಿಗಿಂತ ಮೇಲಿರುತ್ತದೆ. ಕ್ಯಾಮರಾ 300 ಮಿ.ಮೀ. ಎತ್ತರದಲ್ಲಿದ್ದು ಆ ಭಾಗ 6 ಮಿ.ಮೀ. ಮೇಲಿದ್ದರೆ ತಿರುಳು ಉದ್ದದಲ್ಲಿ ಶೇ. 2, ವಿಸ್ತೀರ್ಣದಲ್ಲಿ ಶೇ. 4 ದೊಡ್ಡದಾಗಿ ಕಾಣುತ್ತದೆ. ಶೇ. 9ರ ಅಂತರವನ್ನು ಹಿಡಿಯಬೇಕಾದ ಕಡೆ ಇದು ಹತ್ತಿರ ಹತ್ತಿರ ಅರ್ಧವನ್ನು ನುಂಗಿತು. ಆದ್ದರಿಂದ ನಾಣ್ಯದಿಂದ ಅಂದಾಜು ಮಾಡಿ, ಗ್ರೇಡುಗಳ ನಡುವಿನ ಗೆರೆಯನ್ನು ಮಾತ್ರ ಕೈಯಲ್ಲಿ ಆರಿಸಿ ತೂಗಿದ ತಿರುಳುಗಳಿಂದಲೇ ಎಳೆಯಿರಿ.

ಇನ್ನು ಮುರಿದದ್ದನ್ನು ಬೇರೆ ಮಾಡುವ ಕೆಲಸ. ಅಡ್ಡಕ್ಕೆ ಮುರಿದ ಬಟ್ಸ್ ಹೊರಗೆರೆಯಲ್ಲೇ ಕಾಣುತ್ತವೆ, ಕೆಳಗೆ ಹೇಳುವ ಹಲವು ವಿಧಾನಗಳು ಅವನ್ನು ಹಿಡಿಯುತ್ತವೆ. ಉದ್ದಕ್ಕೆ ಸೀಳಿದ ಸ್ಪ್ಲಿಟ್ ಹಾಗಲ್ಲ. ಚಪ್ಪಟೆ ಮುಖ ಕೆಳಗಾಗಿ ಬಿದ್ದರೆ ಮೇಲಿನಿಂದ ಅದಕ್ಕೂ ಇಡಿ ತಿರುಳಿಗೂ ಒಂದೇ ಹೊರಗೆರೆ. ವ್ಯತ್ಯಾಸ ಇರುವುದು ದಪ್ಪದಲ್ಲಿ. ಜಗತ್ತಿನ ಯಾವ ಎರಡು ಆಯಾಮದ ಹೋಲಿಕೆಯೂ ಇದನ್ನು ಹೇಳಲಾರದು. ಪಕ್ಕದಿಂದ ಇನ್ನೊಂದು ಕ್ಯಾಮರಾ ಇಡಿ, ಇಲ್ಲವೇ ಓರೆಯಾಗಿ ಲೇಸರ್ ಗೆರೆ ಹಾಯಿಸಿ ಎತ್ತರ ತೆಗೆಯಿರಿ. ಇದನ್ನು ಅರಿಯದೆ ನ್ಯೂರಲ್ ನೆಟ್‌ವರ್ಕಿಗೆ ಸಾವಿರಗಟ್ಟಲೆ ಕಪ್ಪುಬಿಳುಪು ಬಿಂಬಗಳನ್ನು ಉಣಿಸುವುದು ನೀರು ಕಡೆದ ಹಾಗೆ.

ಹೊರಗೆರೆ ಕೆಟ್ಟರೆ ಎಲ್ಲ ಕೆಟ್ಟಿತು

ಯಾವ ವಿಧಾನವಾದರೂ ಮೊದಲು ವಸ್ತುವನ್ನು ಹಿನ್ನೆಲೆಯಿಂದ ಬಿಡಿಸಬೇಕು. ಬಿಳಿ ತಿರುಳನ್ನು ಬಿಳಿ ಬೆಲ್ಟಿನ ಮೇಲಿಟ್ಟು ಆಮೇಲೆ ಸಾಫ್ಟ್‌ವೇರಿನಲ್ಲಿ ಒದ್ದಾಡುವುದಕ್ಕಿಂತ ನೀಲಿ ಬೆಲ್ಟ್ ಹಾಕುವುದು ಅಗ್ಗ. ಹಾಲುಬಣ್ಣದ ಅಕ್ರಿಲಿಕ್ ಹಾಳೆಯ ಕೆಳಗೆ ಎಲ್‌ಇಡಿ ಪ್ಯಾನೆಲ್ ಇಟ್ಟು ಹಿಂಬದಿಯಿಂದ ಬೆಳಕು ಕೊಟ್ಟರೆ ಇನ್ನೂ ಚೆನ್ನ, ನೆರಳಿನ ಕಾಟವೇ ಇಲ್ಲ. ಮೀನಿಗೆ ಹಿಂಬದಿ ಬೆಳಕು ಬಹುಮಟ್ಟಿಗೆ ಕಡ್ಡಾಯವೆನ್ನಬಹುದು. ಒದ್ದೆ ಮೈಯ ಮೇಲಿನ ಹೊಳಪು, ಮೇಲಿನ ಬೆಳಕಿನಲ್ಲಿ, ಹೊಟ್ಟೆಯ ಬೆಳ್ಳಿಬಣ್ಣದ ಕಡೆಯ ಗೆರೆಯನ್ನೇ ಕತ್ತರಿಸಿ ಹಾಕುತ್ತದೆ.

ವಸ್ತುವಿನ ಪಿಕ್ಸೆಲ್ ಯಾವುದು, ಹಿನ್ನೆಲೆಯದು ಯಾವುದು ಎಂದು ಬೆಳಕಿನ ಮಟ್ಟ ನೋಡಿ ಬೇರ್ಪಡಿಸುವ ಓಟ್ಸು ಥ್ರೆಶೋಲ್ಡ್ ತಾನಾಗಿ ಗೆರೆ ಎಳೆಯುತ್ತದೆಂದು ಕಣ್ಣು ಮುಚ್ಚಿ ನಂಬಬೇಡಿ. ಚಿತ್ರದಲ್ಲಿ ವಸ್ತು ತೀರಾ ಚಿಕ್ಕ ಪಾಲಿದ್ದರೆ ಅದು ಹಿನ್ನೆಲೆಯನ್ನೇ ಎರಡಾಗಿ ಒಡೆದು ಕೊಡುತ್ತದೆ. ಚಿತ್ರದ ಅಂಚಿಗೆ ತಾಗಿದ ವಸ್ತುವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ಅದರ ಅರ್ಧ ಆಕಾರ ಹೊರಗೇ ಉಳಿದಿರುತ್ತದೆ. ಚುಕ್ಕೆಗಳನ್ನು ತೆಗೆಯಲು ಓಪನಿಂಗ್ (ಅಂಚು ಸವೆಸಿ ಮತ್ತೆ ಉಬ್ಬಿಸುವುದು) ಮಾಡುವಾಗ 3ಕ್ಕೆ 3ರ ಚೌಕದಿಂದ ಶುರುಮಾಡಿ. 9ಕ್ಕೆ 9 ಹಾಕಿದರೆ ಚುಕ್ಕೆಯ ಜೊತೆ ಬಂಗುಡೆಯ ಬಾಲದ ಹತ್ತಿರದ ಕಿರುರೆಕ್ಕೆಗಳೂ ಹೋಗುತ್ತವೆ. ಬೆನ್ನಿನ ಕಡೆ ಐದು, ಹೊಟ್ಟೆಯ ಕಡೆ ಐದು ಇರುವ ಆ ರೆಕ್ಕೆಗಳೇ ಬೂತಾಯಿ ಮೀನಿನಿಂದ ಅದನ್ನು ಬೇರೆ ಮಾಡುವ ಗುರುತು.

ಬಿಂಬ ಸಿಕ್ಕಿದ ಮೇಲೆ ನಾಲ್ಕು ಸರಳ ಅಳತೆ ಮೊದಲು ತೆಗೆಯಿರಿ: ವಿಸ್ತೀರ್ಣ, ಉದ್ದ ಮತ್ತು ಅಗಲದ ಅನುಪಾತ, ವಿಸ್ತೀರ್ಣವನ್ನು ಅದರ ಸುತ್ತ ಬಿಗಿದ ದಾರದೊಳಗಿನ ವಿಸ್ತೀರ್ಣದಿಂದ ಭಾಗಿಸಿದ ಸಂಖ್ಯೆ, ಮತ್ತು ಸುತ್ತಳತೆಯನ್ನು ವಿಸ್ತೀರ್ಣದ ಜೊತೆ ಹೋಲಿಸಿ ಪಡೆಯುವ ದುಂಡುತನ. ಅಗಲ ಮೈಯ ಮಾಂಜಿ ಮೀನನ್ನೂ ನೀಳ ಬಂಗುಡೆಯನ್ನೂ ಬೇರೆ ಮಾಡಲು ಎರಡನೆಯದೊಂದೇ ಸಾಕು. ಅಲ್ಲಿ ದೊಡ್ಡ ವಿಧಾನ ತಂದರೆ ಸೊಳ್ಳೆಗೆ ಫಿರಂಗಿ. ಗೋಡಂಬಿಯ ಒಳಬಾಗು ಉಳಿದಿದೆಯೋ ಮುರಿದಿದೆಯೋ ಎಂಬುದನ್ನು ಮೂರನೆಯದು ಚೆನ್ನಾಗಿ ಹೇಳುತ್ತದೆ. ನಾಲ್ಕನೆಯದರ ಬಗ್ಗೆ ಸ್ವಲ್ಪ ಅನುಮಾನವಿರಲಿ: ಓರೆ ಅಂಚು ಪಿಕ್ಸೆಲ್ ಮೆಟ್ಟಿಲುಗಳಾಗಿ ಒಡೆಯುವುದರಿಂದ ಸುತ್ತಳತೆ ಹೆಚ್ಚು ಬರುತ್ತದೆ.

ಹು ಮೊಮೆಂಟ್: ಅಗ್ಗ, ಆದರೆ ಮಂದಗಣ್ಣು

1962ರಿಂದ ಬಳಕೆಯಲ್ಲಿರುವ ಏಳು ಸಂಖ್ಯೆಗಳಿವು. ಜಾಗ, ಗಾತ್ರ, ತಿರುಗುವಿಕೆ ಬದಲಾದರೂ ಬದಲಾಗವು. ಕನ್ನಡಿ ಬಿಂಬಕ್ಕೆ ಮೊದಲ ಆರು ಹಾಗೆಯೇ ಉಳಿಯುತ್ತವೆ, ಏಳನೆಯದು ಚಿಹ್ನೆ ಬದಲಿಸುತ್ತದೆ. ಗೋಡಂಬಿ ಎಡಮಗ್ಗುಲಾಗಿಯೂ ಬಲಮಗ್ಗುಲಾಗಿಯೂ ಬೀಳುವುದರಿಂದ ಏಳನೆಯದರ ಚಿಹ್ನೆ ತೆಗೆದುಹಾಕಿಯೇ ಬಳಸಬೇಕು.

ನಿಮ್ಮ ಕೋಡ್ ಸರಿಯಿದೆಯೇ ಎಂದು ನೋಡಲು ಎರಡು ಆಕಾರ ಸಾಕು. ವೃತ್ತದ ಮೊದಲ ಮೊಮೆಂಟ್ 0.1592, ಚೌಕದ್ದು 0.1667 ಬರಬೇಕು. ಬಂತೇ? ಈಗ ಆ ಎರಡು ಸಂಖ್ಯೆಗಳು ಎಷ್ಟು ಹತ್ತಿರ ಇವೆ ಎಂಬುದನ್ನೂ ನೋಡಿ. ಉಂಡೆಯಂಥ ಮಟ್ಟುಗುಳ್ಳ ಬದನೆಗೂ ಚೌಕದ ಪೆಟ್ಟಿಗೆಗೂ ಮೊದಲ ಮೊಮೆಂಟಿನಲ್ಲಿ ಅಂತರ 0.0075 ಮಾತ್ರ.

ಹೆಂಚಿನ ಮೇಲೆ ಇದನ್ನು ಪರೀಕ್ಷಿಸಿದರೆ ದೌರ್ಬಲ್ಯ ಕೈಗೆ ಸಿಗುತ್ತದೆ. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಶುರುಮಾಡಿದ ಉದ್ಯಮದ ಹೆಂಚನ್ನು ಲೆಕ್ಕದ ಮಟ್ಟಿಗೆ 40ಕ್ಕೆ 24 ಸೆಂ.ಮೀ. ಆಯತ ಎಂದಿಟ್ಟುಕೊಳ್ಳಿ. ಮೊದಲ ಮೊಮೆಂಟ್ 0.1889. ಒಂದು ಮೂಲೆಯಲ್ಲಿ ಎರಡೂ ಬದಿಗೆ 2 ಸೆಂ.ಮೀ. ಚಕ್ಕೆ ಹಾರಿದರೆ, ಅಂಥ ಹೆಂಚನ್ನು ಯಾರೂ ಕೊಳ್ಳಲಿಕ್ಕಿಲ್ಲ, 0.1886. ಈಗ ಸೆಂಟಿಮೀಟರಿಗೆ 5 ಪಿಕ್ಸೆಲ್‌ನಂತೆ ಚಿತ್ರ ತೆಗೆದು, ಬೆಳಕು ಸ್ವಲ್ಪ ಬದಲಾಗಿ, ಸುತ್ತಲೂ ಅಂಚು ಒಂದೇ ಒಂದು ಪಿಕ್ಸೆಲ್ ಹೊರಗೆ ಸರಿಯಲಿ. ಹೆಂಚು ಚೆನ್ನಾಗಿಯೇ ಇದೆ, ಮೊಮೆಂಟ್ 0.1883! ಬೆಳಕಿನ ಚಿಕ್ಕ ಏರುಪೇರು ಚಕ್ಕೆಗಿಂತ ಎರಡು ಪಟ್ಟು ದೊಡ್ಡದಾಗಿ ಕಂಡಿತು.

ಓಪನ್‌ಸಿವಿ ಎಂಬ ಉಚಿತ ಚಿತ್ರಸಂಸ್ಕರಣ ಸಾಫ್ಟ್‌ವೇರಿನಲ್ಲಿ ಹು ಮೊಮೆಂಟುಗಳನ್ನು ಹೋಲಿಸುವ ಮ್ಯಾಚ್‌ಶೇಪ್ಸ್ ಬಳಸುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಅದು 0.00001ಕ್ಕಿಂತ ಚಿಕ್ಕ ಮೊಮೆಂಟನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಆಯತದಂಥ ಸಮಮಿತಿಯ ಆಕಾರಕ್ಕೆ ಮೂರನೆಯದರಿಂದ ಮುಂದೆ ಎಲ್ಲವೂ ಸೊನ್ನೆಯ ಆಸುಪಾಸು, ಹಾಗಾಗಿ ಏಳು ಸಂಖ್ಯೆ ಹೋಲಿಸಿದೆವೆಂದು ನಾವು ಅಂದುಕೊಂಡಾಗ ಅದು ಹೋಲಿಸಿದ್ದು ಎರಡನ್ನೇ. ಅದು ಕೊಡುವ ಮೂರು ಬಗೆಯ ದೂರಗಳಲ್ಲಿ ಮೂರನೆಯದು ಒಂದರ ಮೌಲ್ಯದಿಂದ ಭಾಗಿಸುತ್ತದೆ, ಹಾಗಾಗಿ ಯಾವ ಚಿತ್ರ ಮೊದಲು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಎರಡನೆಯದು ಲಾಗ್ ಮೌಲ್ಯಗಳ ನೇರ ವ್ಯತ್ಯಾಸ. ಹೊಸಬರಿಗೆ ಅದೇ ಅರ್ಥವಾಗುವಂಥದ್ದು.

ಹಾಗಾದರೆ ಇವಕ್ಕೆ ಎಲ್ಲಿ ಜಾಗ? ಹತ್ತು ಹನ್ನೆರಡು ಬಗೆಯ ತೀರಾ ಬೇರೆಬೇರೆ ಆಕಾರಗಳನ್ನು ಚಿಕ್ಕ ಪ್ರೊಸೆಸರಿನಲ್ಲಿ ಜಾಲಿಸುವ ಮೊದಲ ಜರಡಿಯಾಗಿ. ಒಳಗಿನ ತೂತುಗಳೂ ಲೆಕ್ಕಕ್ಕೆ ಬೇಕಾದರೆ ಜರ್ನಿಕೆ ಮೊಮೆಂಟ್ ಮೇಲು, ಹತ್ತನೇ ಹಂತದವರೆಗೆ 36 ಸಂಖ್ಯೆಗಳು ಬರುತ್ತವೆ. ಅದಕ್ಕೆ ಆಕಾರವನ್ನು ಒಂದು ವೃತ್ತದೊಳಗೆ ಕೂರಿಸಬೇಕು. ದೂರದಲ್ಲೊಂದು ಧೂಳಿನ ಚುಕ್ಕೆ ಉಳಿದಿದ್ದರೆ ವೃತ್ತ ಹಿಗ್ಗಿ ಆಕಾರ ಮಧ್ಯದಲ್ಲಿ ಮುದುಡುತ್ತದೆ. ಹಾಗಾಗಿ ದೊಡ್ಡ ತುಂಡೊಂದನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಅಳಿಸಿಯೇ ಮುಂದುವರಿಯಿರಿ.

ಫೂರಿಯೆ ವಿವರಣೆ

ಹೊರಗೆರೆಯ ಸುತ್ತ ಸಮ ಅಂತರದಲ್ಲಿ 128 ಬಿಂದು ಗುರುತಿಸಿ, ಪ್ರತಿ ಬಿಂದುವನ್ನೂ ಎಕ್ಸ್ ಮತ್ತು ವೈ ಸೇರಿದ ಒಂದು ಸಂಮಿಶ್ರ ಸಂಖ್ಯೆಯಾಗಿ ಬರೆದು, ಗೆರೆಯನ್ನು ನಿಧಾನ ಮತ್ತು ವೇಗದ ಅಲೆಗಳಾಗಿ ಬಿಡಿಸುವ ಎಫ್‌ಎಫ್‌ಟಿ ಹಾಕಿ. ಪ್ರತಿ ಅಲೆಗೂ ಒಂದು ಗುಣಾಂಕ ಸಿಗುತ್ತದೆ. ಸೊನ್ನೆಯ ಗುಣಾಂಕ ಬಿಟ್ಟರೆ ಜಾಗದ ಪರಿಣಾಮ ಹೋಯಿತು. ಉಳಿದವನ್ನು ಒಂದನೆಯದರ ಪ್ರಮಾಣದಿಂದ ಭಾಗಿಸಿದರೆ ಗಾತ್ರ ಹೋಯಿತು. ಎಲ್ಲದರ ಪ್ರಮಾಣ ಮಾತ್ರ ಇಟ್ಟುಕೊಂಡರೆ ತಿರುಗುವಿಕೆಯೂ, ಗೆರೆ ಎಲ್ಲಿಂದ ಶುರುವಾಯಿತು ಎಂಬುದೂ ಹೋಯಿತು. ಋಣ ಹತ್ತರಿಂದ ಧನ ಹತ್ತರವರೆಗಿನ ಗುಣಾಂಕಗಳು ಗೋಡಂಬಿಯಂಥ ನಯವಾದ ಆಕಾರಕ್ಕೆ ಧಾರಾಳ. ಇಡಿ ತಿರುಳು ಮತ್ತು ಬಟ್ಸ್ ಬೇರ್ಪಡಿಸಲು ಇದನ್ನೇ ಮೊದಲು ಪ್ರಯತ್ನಿಸುವುದು ಲೇಸು. ಕನ್ನಡಿ ಬಿಂಬವನ್ನೂ ಇದು ಒಂದೇ ಎಂದು ನೋಡುತ್ತದೆ, ಮಗ್ಗುಲಿನ ತಲೆಬಿಸಿ ಇಲ್ಲ.

ಕೆಡುವುದು ಬಹುಪಾಲು ಒಂದೇ ಕಡೆ, ಓಪನ್‌ಸಿವಿಯಲ್ಲಿ ಹೊರಗೆರೆ ತೆಗೆಯುವಲ್ಲಿ. ಫೈಂಡ್‌ಕಾಂಟೂರ್ಸ್‌ನಲ್ಲಿ "ಸಿಂಪಲ್" ಆಯ್ಕೆ ಇಟ್ಟರೆ ನೇರ ಗೆರೆಗಳ ತುದಿಗಳನ್ನು ಮಾತ್ರ ಕೊಡುತ್ತದೆ. ಬಾಗಿದ ಕಡೆ ಬಿಂದುಗಳ ಜಾತ್ರೆ, ನೇರ ಇರುವ ಕಡೆ ಖಾಲಿ. ಅದನ್ನೇ ಎಫ್‌ಎಫ್‌ಟಿಗೆ ಕೊಟ್ಟರೆ ಒಂದೇ ತಿರುಳನ್ನು ತುಸು ತಿರುಗಿಸಿಟ್ಟಾಗ ಬೇರೆಯೇ ಸಂಖ್ಯೆಗಳು ಬರುತ್ತವೆ. "ನನ್" ಆಯ್ಕೆ ಹಾಕಿ, ಗೆರೆಯ ಉದ್ದಕ್ಕೂ ನಡೆದ ದೂರ ಅಳೆದು, ಸಮವಾಗಿ ಬಿಂದು ಆರಿಸಿ. ಎಲ್ಲ ಗೆರೆಗಳೂ ಒಂದೇ ದಿಕ್ಕಿಗೆ ಸುತ್ತುವಂತೆಯೂ ನೋಡಿಕೊಳ್ಳಿ. ಒಂದು ಪ್ರದಕ್ಷಿಣೆ, ಇನ್ನೊಂದು ಅಪ್ರದಕ್ಷಿಣೆ ಆದರೆ ಧನ ಋಣ ಗುಣಾಂಕಗಳು ಅದಲುಬದಲಾಗುತ್ತವೆ.

ಎರಡು ತಿರುಳು ಒಂದಕ್ಕೊಂದು ತಾಗಿದ್ದರೆ ಫೂರಿಯೆ ಸಂಪೂರ್ಣ ದಾರಿ ತಪ್ಪುತ್ತದೆ. ಗೆರೆಯ ಒಂದು ಕಡೆಯ ಉಬ್ಬು ಎಲ್ಲ ಗುಣಾಂಕಗಳಿಗೂ ಹರಡುತ್ತದೆ. ಇದನ್ನು ಗಣಿತದಲ್ಲಿ ಸರಿಪಡಿಸುವುದಕ್ಕಿಂತ ಕಂಪಿಸುವ ತಟ್ಟೆಯಿಂದ ತಿರುಳುಗಳನ್ನು ಬಿಡಿಬಿಡಿಯಾಗಿ ಉದುರಿಸುವುದು ಸುಲಭ.

ಅಚ್ಚು ಇಟ್ಟು ನೋಡುವುದು: ಚೇಂಫರ್ ಮತ್ತು ಹೌಸ್‌ಡಾರ್ಫ್

ವಸ್ತು ಒಂದೇ ಅಳತೆಯದ್ದು, ಕ್ಯಾಮರಾ ಅಲುಗುವುದಿಲ್ಲ ಎಂದಾದರೆ ಅಚ್ಚಿನ ಗೆರೆಯನ್ನು ಚಿತ್ರದ ಗೆರೆಯ ಮೇಲಿಟ್ಟು ಅಂತರ ಅಳೆಯುವುದೇ ನೇರ ದಾರಿ. ಚೇಂಫರ್ ಎಲ್ಲ ಬಿಂದುಗಳ ಅಂತರದ ಸರಾಸರಿ ತೆಗೆಯುತ್ತದೆ, ಹೌಸ್‌ಡಾರ್ಫ್ ಅತಿ ದೊಡ್ಡ ಅಂತರವನ್ನು. ಒಂದು ಕಸದ ಚುಕ್ಕೆಯೂ ಹೌಸ್‌ಡಾರ್ಫನ್ನು ಹಾಳುಮಾಡುತ್ತದೆ ಎಂದು ಪಠ್ಯಗಳು ಎಚ್ಚರಿಸುತ್ತವೆ. ಅದಕ್ಕೇ ಅತಿ ದೊಡ್ಡದರ ಬದಲು ಶೇ. 90ರಷ್ಟು ಬಿಂದುಗಳು ಒಳಗೆ ಬರುವ ಅಂತರ ತೆಗೆದುಕೊಳ್ಳುವ ರೂಢಿ. ಹೆಂಚಿಗೆ ಬಂದಾಗ ಈ ದೋಷವೇ ಗುಣ. ಮೇಲಿನ ಅದೇ ಚಕ್ಕೆಗೆ, ಮೂಲೆಯ ಬಿಂದುವಿನಿಂದ ಮುರಿದ ಗೆರೆಗೆ 1.41 ಸೆಂ.ಮೀ., ಅಂದರೆ 7 ಪಿಕ್ಸೆಲ್. ಬೆಳಕಿನ ಏರುಪೇರು 1 ಪಿಕ್ಸೆಲ್. ಮೊಮೆಂಟಿಗೆ ಕಾಣದ್ದು ಇಲ್ಲಿ ಎದ್ದು ಕಾಣುತ್ತದೆ. ಇಲ್ಲಿ ಶೇ. 90 ಹಾಕಿದಿರೋ, ಚಕ್ಕೆ ಉಳಿದ ಶೇ. 10ರಲ್ಲಿ ಮಾಯ. ಅಳೆಯುವುದನ್ನು ಅಚ್ಚಿನಿಂದ ಚಿತ್ರಕ್ಕೆ ಮತ್ತು ಚಿತ್ರದಿಂದ ಅಚ್ಚಿಗೆ ಎರಡೂ ದಿಕ್ಕಿನಲ್ಲಿ ಮಾಡಿ. ಮೊದಲನೆಯದು ಕಳೆದುಹೋದದ್ದನ್ನು, ಎರಡನೆಯದು ಹೆಚ್ಚುವರಿ ಅಂಟಿಕೊಂಡದ್ದನ್ನು ಚೆನ್ನಾಗಿ ತೋರಿಸುತ್ತದೆ.

ಕೋಡಿನಲ್ಲಿ ಪದೇಪದೇ ಆಗುವ ತಪ್ಪು: ಡಿಸ್ಟೆನ್ಸ್‌ಟ್ರಾನ್ಸ್‌ಫಾರ್ಮ್ ಹತ್ತಿರದ ಸೊನ್ನೆ ಪಿಕ್ಸೆಲ್‌ಗೆ ದೂರ ಅಳೆಯುತ್ತದೆ, ಅಂಚು ಹುಡುಕುವ ಕ್ಯಾನಿ ವಿಧಾನ ಕೊಡುವ ಅಂಚುಗಳೋ 255 (ಬಿಳಿ). ಚಿತ್ರವನ್ನು ತಿರುವುಮುರುವು ಮಾಡದೆ ಕೊಟ್ಟರೆ ಬಹುತೇಕ ಎಲ್ಲ ಕಡೆ ಸೊನ್ನೆ ಬಂದು ಯಾವ ಅಚ್ಚಾದರೂ ಎಲ್ಲಿಟ್ಟರೂ ಒಪ್ಪುತ್ತದೆ.

ತಿರುಗುವಿಕೆ, ಗಾತ್ರ ಬದಲಾಗುವುದಾದರೆ ಬೆಲೆ ಏರುತ್ತದೆ. 5 ಡಿಗ್ರಿಗೊಂದರಂತೆ 72 ಕೋನ, ಐದು ಗಾತ್ರ, ಒಟ್ಟು 360 ಅಚ್ಚುಗಳು. ಹೆಂಚಿಗೆ ಅದು ಬೇಡ, ಬೆಲ್ಟಿನ ಪಕ್ಕದ ತಡೆಪಟ್ಟಿಯೇ ಅದನ್ನು ನೆಟ್ಟಗೆ ನಿಲ್ಲಿಸುತ್ತದೆ. ಹಿನ್ನೆಲೆ ಗೊಂದಲವಾಗಿದ್ದು ವಸ್ತುವಿನ ಒಂದು ಭಾಗ ಮುಚ್ಚಿಹೋಗಿದ್ದರೆ 1981ರ ಸಾಮಾನ್ಯೀಕೃತ ಹಫ್ ವಿಧಾನ ಇನ್ನೂ ಕೆಲಸಕ್ಕೆ ಬರುತ್ತದೆ. ಕಂಡಷ್ಟು ಅಂಚುಗಳೇ ವಸ್ತುವಿನ ಕೇಂದ್ರಕ್ಕೆ ಮತ ಹಾಕುತ್ತವೆ.

ಬಾಗುವ ಮೀನಿಗೆ ಶೇಪ್ ಕಾಂಟೆಕ್ಸ್ಟ್

ಮಲ್ಪೆ ಬಂದರಿನಲ್ಲಿ ಇಳಿಯುವ ಮೀನು ಹೆಂಚಿನಂತೆ ನೆಟ್ಟಗಿರುವುದಿಲ್ಲ. ಬಾಗಿರುತ್ತದೆ, ರೆಕ್ಕೆ ಮಡಚಿರುತ್ತದೆ, ಬಾಯಿ ತೆರೆದಿರುತ್ತದೆ. ಇಲ್ಲಿ ಬಿಂದುವಿಗೆ ಬಿಂದು ಜೋಡಿಸುವ ವಿಧಾನ ಬೇಕು.

ಬೆಲೋಂಗಿ, ಮಲಿಕ್, ಪುಜಿಚಾ 2002ರಲ್ಲಿ ವಿವರಿಸಿದ ಶೇಪ್ ಕಾಂಟೆಕ್ಸ್ಟ್ ಹೀಗೆ ನಡೆಯುತ್ತದೆ: ಅಂಚಿನ ಮೇಲೆ ಸುಮಾರು 100 ಬಿಂದು. ಪ್ರತಿ ಬಿಂದುವಿನಲ್ಲಿ ನಿಂತು ಉಳಿದವು ಯಾವ ದಿಕ್ಕಿಗೆ, ಎಷ್ಟು ದೂರದಲ್ಲಿವೆ ಎಂದು 12 ದಿಕ್ಕು, 5 ದೂರಗಳ 60 ಖಾನೆಗಳಲ್ಲಿ ಎಣಿಸುವುದು. ದೂರದ ಖಾನೆಗಳು ಲಾಗ್ ಅಳತೆಯಲ್ಲಿರುವುದರಿಂದ ಹತ್ತಿರದ್ದಕ್ಕೆ ಸೂಕ್ಷ್ಮ ನೋಟ, ದೂರದ್ದಕ್ಕೆ ಒರಟು ನೋಟ. ಆಮೇಲೆ ಎರಡು ಆಕಾರಗಳ ಬಿಂದುಗಳನ್ನು ಒಟ್ಟು ಖರ್ಚು (ಎಣಿಕೆಗಳ ನಡುವಿನ ವ್ಯತ್ಯಾಸ) ಕಡಿಮೆಯಾಗುವಂತೆ ಹಂಗೇರಿಯನ್ ಲೆಕ್ಕದಿಂದ ಜೋಡಿ ಮಾಡುವುದು. ಈ ಜೋಡಣೆಗೆ ಹಿಡಿಯುವ ಸಮಯ ಬಿಂದುಗಳ ಸಂಖ್ಯೆಯ ಘನಕ್ಕೆ ತಕ್ಕಂತೆ ಏರುತ್ತದೆ, 100ನ್ನು 200 ಮಾಡಿದರೆ ಎಂಟು ಪಟ್ಟು. ಸಾವಿರ ಮಾದರಿಗಳ ಜೊತೆ ಹೋಲಿಸಬೇಕಾದರೆ ಮೊದಲು ಸರಳ ಅಳತೆಗಳಿಂದ ಇಪ್ಪತ್ತಕ್ಕೆ ಇಳಿಸಿಕೊಳ್ಳಿ.

ಓಪನ್‌ಸಿವಿ 4ರಿಂದ ಇದು ಮುಖ್ಯ ಪ್ಯಾಕೇಜಿನಲ್ಲಿಲ್ಲ, ಕಾಂಟ್ರಿಬ್ ಎಂಬ ಹೆಚ್ಚುವರಿ ಪ್ಯಾಕೇಜ್ ಹಾಕಿಕೊಳ್ಳಬೇಕು. ಅಲ್ಲಿ ದೂರದ ಖಾನೆಗಳು ತಾನಾಗಿ 4 ಇರುತ್ತವೆ, 5 ಬೇಕಿದ್ದರೆ ನೀವೇ ಹೇಳಬೇಕು. ತಿರುಗುವಿಕೆಯನ್ನು ಲೆಕ್ಕಿಸದಿರುವ ಸ್ವಿಚ್ ಸಹ ಆಫ್ ಇರುತ್ತದೆ. ಮೀನಿಗೆ ಅದನ್ನು ಆನ್ ಮಾಡಿ. ಅಕ್ಷರ, ಅಂಕಿಗಳಿಗೆ ಮಾಡಬೇಡಿ, 6 ಮತ್ತು 9 ಒಂದಾಗಿಬಿಡುತ್ತವೆ. ಹಾಗೆ ನೋಡಿದರೆ ನಮ್ಮ ಲಿಪಿ ಈ ವಿಧಾನಕ್ಕೆ ಕಠಿಣ ಪರೀಕ್ಷೆ: ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಪುಟ್ಟ ಸೀಳು. 100 ಬಿಂದುಗಳಲ್ಲಿ ಅದರ ಮೇಲೆ ಬೀಳುವುದು ಎರಡೋ ಮೂರೋ. ಒಟ್ಟು ಖರ್ಚಿನಲ್ಲಿ ಅವು ಮುಳುಗಿಹೋಗುತ್ತವೆ, ಆ ಜಾಗವನ್ನು ಬೇರೆಯಾಗಿಯೇ ನೋಡಬೇಕು.

ಮೀನು ಬಾಗಿದಾಗ ತಲೆ ಬಾಲಗಳ ನಡುವಿನ ನೇರ ದೂರ ಕುಗ್ಗುತ್ತದೆ, ಎಣಿಕೆ ಕೆಡುತ್ತದೆ. ಲಿಂಗ್ ಮತ್ತು ಜೇಕಬ್ಸ್ 2007ರಲ್ಲಿ ತಂದ ತಿದ್ದುಪಡಿ ಇದಕ್ಕೇ: ನೇರ ದೂರದ ಬದಲು ಮೈಯೊಳಗಿನಿಂದಲೇ ಸಾಗುವ ಅತಿ ಚಿಕ್ಕ ದಾರಿ. ಬಾಗಿದರೂ ಅದು ಹೆಚ್ಚು ಬದಲಾಗದು. ಇಂಥ ವಿಧಾನಗಳನ್ನು ಹೋಲಿಸಲು ಬಳಸುವ ಎಂಪೆಗ್-7ರ ಪರೀಕ್ಷಾ ಸಂಗ್ರಹದಲ್ಲಿ 70 ಬಗೆಯ 1400 ಬಿಂಬಗಳಿವೆ. ಪ್ರತಿಯೊಂದಕ್ಕೂ ಹತ್ತಿರದ 40ರಲ್ಲಿ ಅದರದ್ದೇ ಬಗೆಯ 20 ಎಷ್ಟು ಸಿಕ್ಕವು ಎಂದು ಎಣಿಸುತ್ತಾರೆ. ಅದರಲ್ಲಿ ಶೇಪ್ ಕಾಂಟೆಕ್ಸ್ಟ್ ಶೇ. 76.51, ಒಳದಾರಿಯ ವಿಧಾನ ಶೇ. 85.40. ಆದರೆ ಆ ಬಿಂಬಗಳೆಲ್ಲ ಮೊದಲೇ ಕತ್ತರಿಸಿಟ್ಟವು, ಐಸ್ ಮೇಲೆ ಬಿದ್ದ ಮೀನಲ್ಲ. ಬಾಗಿದ ಬಾಲ ಹೊಟ್ಟೆಗೆ ತಾಗಿದರೆ ಒಳದಾರಿಗೆ ಅಡ್ಡದಾರಿ ಸಿಕ್ಕಿ ದೂರವೆಲ್ಲ ಸುಳ್ಳಾಗುತ್ತದೆ. ಬುಟ್ಟಿಯಲ್ಲಿ ಒಂದರ ಮೇಲೊಂದು ಬಿದ್ದ ಮೀನಿಗೆ ಇವೆರಡೂ ಆಗಿಬರುವುದಿಲ್ಲ. ಅಲ್ಲಿ ಬಿಂಬ ಬಿಡಿಸುವ ಕೆಲಸವನ್ನು ಕಲಿತ ನೆಟ್‌ವರ್ಕಿಗೆ ಬಿಟ್ಟು, ಅಳತೆಯನ್ನು ಈ ಹಳೆಯ ವಿಧಾನಗಳಿಂದ ಮಾಡುವುದು ಸರಿಯಾದ ಹಂಚಿಕೆ.

ಅಸ್ಥಿಪಂಜರದ ವಿಧಾನ, ಅಂದರೆ ಆಕಾರದ ನಡುಗೆರೆ ತೆಗೆದು ಕೊಂಬೆಗಳನ್ನು ಹೋಲಿಸುವುದು, ಚಿತ್ರದಲ್ಲಿ ಚೆಂದ. ಅಂಚಿನಲ್ಲಿ ಒಂದು ಪಿಕ್ಸೆಲ್ ಉಬ್ಬಿದರೂ ಹೊಸ ಕೊಂಬೆ ಚಿಗುರುವುದರಿಂದ ಕಾರ್ಖಾನೆಯ ಕೆಲಸಕ್ಕೆ ಬೇಡ.

ಗೆರೆ ಎಲ್ಲಿ ಎಳೆಯಬೇಕು

ವಿಧಾನ ಯಾವುದಾದರೂ ಕೊನೆಗೆ ಒಂದು ಸಂಖ್ಯೆ ಬರುತ್ತದೆ, ಎಷ್ಟರ ಕೆಳಗಿದ್ದರೆ ಒಂದೇ ಎನ್ನಬೇಕು ಎಂಬುದನ್ನು ನೀವು ಹೇಳಬೇಕು. ಪುಸ್ತಕದ 0.1 ಅಥವಾ ಬೇರೆಯವರ ಕೋಡಿನ ಸಂಖ್ಯೆ ತರಬೇಡಿ. ಪ್ರತಿ ಬಗೆಯ 30 ವಸ್ತು ತೆಗೆದುಕೊಂಡು, ಪ್ರತಿಯೊಂದನ್ನೂ ಬೇರೆಬೇರೆ ಕೋನದಲ್ಲಿ ಐದು ಸಲ ಚಿತ್ರ ತೆಗೆಯಿರಿ. ಒಂದೇ ವಸ್ತುವಿನ ಐದು ಚಿತ್ರಗಳ ನಡುವಿನ ದೂರ ಯಂತ್ರದ ಏರುಪೇರು. ಒಂದೇ ಬಗೆಯ ಬೇರೆ ವಸ್ತುಗಳ ದೂರ ಸಹಜ ವ್ಯತ್ಯಾಸ. ಬೇರೆ ಬಗೆಗಳ ದೂರ ಇವೆರಡಕ್ಕಿಂತ ದೊಡ್ಡದಿರಬೇಕು. ಮೊದಲನೆಯದೇ ಮೂರನೆಯದರ ಸಮಕ್ಕೆ ಬಂದಿದ್ದರೆ ವಿಧಾನ ಬದಲಿಸುವ ಮೊದಲು ದೀಪ, ಲೆನ್ಸ್ ನೋಡಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕರಾವಳಿಯಲ್ಲಿ ಲೆನ್ಸ್ ನೋಡುವುದೇ ಮೊದಲು. ಎಸಿ ಕೋಣೆಯಿಂದ ಹೊರಗೆ ತಂದ ಕ್ಯಾಮರಾ ಮಂಜು ಹಿಡಿದರೆ ಅಂಚು ಮೆತ್ತಗಾಗಿ ಹೊರಗೆರೆ ಎರಡು ಮೂರು ಪಿಕ್ಸೆಲ್ ಹಿಗ್ಗುತ್ತದೆ, ಡಬ್ಲ್ಯೂ 240ರ ರಾಶಿ ಡಬ್ಲ್ಯೂ 210ಕ್ಕೆ ಹೋಗಿ ಕೂರುತ್ತದೆ. ಬೆಳಿಗ್ಗೆ ಬೆಲ್ಟ್ ಚಾಲೂ ಮಾಡುವ ಮೊದಲು ಅದೇ ಹತ್ತು ರೂಪಾಯಿ ನಾಣ್ಯ ಇಟ್ಟು ಒಂದು ಚಿತ್ರ ತೆಗೆಯಿರಿ. ನಿನ್ನೆ 135 ಪಿಕ್ಸೆಲ್ ಇದ್ದದ್ದು ಇಂದು 138 ಬಂದರೆ ಲೆನ್ಸ್ ಒರೆಸಿ, ಹತ್ತು ನಿಮಿಷ ಕಾದು, ಮತ್ತೆ ಅಳೆಯಿರಿ.